ಅಡಿಕೆ ದರಕ್ಕೆ ಆ್ಯಪ್ ಬೇಕಾ, ವೆಬ್ ಪುಟ ಸಾಕಾ?

ಶಿರಸಿ ತೋಟಿಗ: ಮಗ ರಾಶಿ, ಚಾಲಿ, ಬೆಟ್ಟೆ ಹೀಗೆ ಬಗೆಬಗೆಯ ಅಡಿಕೆಯ ದರ ತೋರಿಸುವ ಆಂಡ್ರಾಯ್ಡ್ ಆ್ಯಪ್ ಮಾಡಿದ್ದಾನೆ. ಬೆಂಗಳೂರಿನ ತಮ್ಮನದು ಐಫೋನ್, ಅಲ್ಲಿ ನಡೆಯುವುದಿಲ್ಲ. ನನ್ನ ಲ್ಯಾಪ್‌ಟಾಪಿನ ವಿಂಡೋಸ್ 11ರಲ್ಲಿ ಆಂಡ್ರಾಯ್ಡ್ ಆ್ಯಪ್ ಓಡುತ್ತದೆ ಅಂತಿದ್ದರಲ್ವಾ?

ಬೈತಖೋಲ್ ಬದಿಯವ: ಅದು ಮುಗಿದ ಕತೆ. ಮೈಕ್ರೋಸಾಫ್ಟ್ 2021ರಲ್ಲಿ ತಂದಿತು, 2025ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಬೇರೆಯವರ ದೋಣಿಯಲ್ಲಿ ನಮ್ಮ ಬಲೆ ಇಟ್ಟರೆ ಹೀಗೇ. ದರ ನೋಡಲು ಆ್ಯಪ್ ಯಾಕೆ ಮಾರಾಯ್ರೇ? ಒಂದು ವೆಬ್ ಪುಟ ಮಾಡಿ, ಲಿಂಕ್ ಕಳಿಸಿ.

ಕುಮಟಾ ಕೋಡರ್: ಫ್ಲಟರ್ ಅಂತ ಆ್ಯಪ್ ಕಟ್ಟುವ ಸಾಧನ ಇದೆ, ಅದರಲ್ಲಿ ಬರೆದರೆ ಒಂದೇ ಕೋಡ್ ಎರಡೂ ಫೋನಿಗೆ ಆಗುತ್ತದೆ.

ಬೈತಖೋಲ್ ಬದಿಯವ: ಕೋಡ್ ಒಂದೇ, ಹೆಬ್ಬಾಗಿಲು ಎರಡು. ಆ್ಯಪನ್ನು ಅವರವರ ಅಂಗಡಿಯಲ್ಲಿಡಲು ಗೂಗಲ್‌ಗೆ ಒಂದು ಸಲ 25 ಡಾಲರ್, ಆಪಲ್‌ಗೆ ವರ್ಷವರ್ಷವೂ 99. ಹುಡುಗನ ಪಾಕೆಟ್ ಮನಿ ಎಷ್ಟು?

ಶಿರಸಿ ತೋಟಿಗ: ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕೊಟ್ಟಿಗೆ ಹಿಂದಿನ ಹಲಸಿನ ಮರದ ಬುಡದಲ್ಲಿ ಮಾತ್ರ. ಮಳೆಗಾಲದಲ್ಲಿ ಕರೆಂಟ್ ಹೋದರೆ ಅದೂ ಇಲ್ಲ. ವೆಬ್ ಪುಟ ತೆರೆಯುವುದು ಹೇಗೆ?

ಬೈತಖೋಲ್ ಬದಿಯವ: ಪುಟದ ಜೊತೆ ಸೇರಿಸುವ ಸರ್ವಿಸ್ ವರ್ಕರ್ ಅಂತ ಒಂದು ಕೋಡ್ ಇದೆ. ಮರದ ಬುಡದಲ್ಲಿ ಒಮ್ಮೆ ತೆರೆದರೆ ಪುಟ ಫೋನಿನಲ್ಲೇ ಉಳಿಯುತ್ತದೆ, ಅಂಗಳಕ್ಕೆ ಬಂದೂ ನೋಡಬಹುದು. ಮೇಲೆ ತಾರೀಕು ದೊಡ್ಡದಾಗಿ ಹಾಕಿಸಿ. ಇಲ್ಲದಿದ್ದರೆ ಮೊನ್ನೆಯ ದರ ನಂಬಿ ಇವತ್ತು ಚೀಲ ಸಾಗಿಸುತ್ತೀರಿ.

ಕುಮಟಾ ಕೋಡರ್: ಐಫೋನಿನಲ್ಲಿ ಅಷ್ಟು ಸುಲಭ ಇಲ್ಲ. ಅದರ ಬ್ರೌಸರ್ ಸಫಾರಿ ಬಳಸುತ್ತಾ ಏಳು ದಿನ ಆ ಪುಟದ ಕಡೆ ಹೋಗದಿದ್ದರೆ ಉಳಿಸಿದ್ದನ್ನೆಲ್ಲ ಸಫಾರಿಯೇ ಅಳಿಸುತ್ತದೆ. ವೆಬ್ ಪುಟದಿಂದ ನೋಟಿಫಿಕೇಶನ್ ಬರಲು ಶುರುವಾಗಿದ್ದೇ 2023ರಲ್ಲಿ, ಅದೂ ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡರೆ ಮಾತ್ರ. 2024ರಲ್ಲಿ ಆಪಲ್‌ನವರು ಯುರೋಪಿನಲ್ಲಿ ಆ ಹೋಮ್ ಸ್ಕ್ರೀನ್ ಸೌಲಭ್ಯವನ್ನೇ ತೆಗೆಯಲು ಹೊರಟು, ಗಲಾಟೆಯಾದ ಮೇಲೆ ಕೈಬಿಟ್ಟರು. ಮಜಾ ನೋಡಿ, 2007ರಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಹೇಳಿದ್ದೇ ಐಫೋನಿಗೆ ಆ್ಯಪ್ ಬೇಕಿದ್ದರೆ ವೆಬ್‌ನಲ್ಲೇ ಮಾಡಿ ಅಂತ! ಆ್ಯಪ್ ಸ್ಟೋರ್ ಬಂದಿದ್ದು ಮರುವರ್ಷ.

ಬೈತಖೋಲ್ ಬದಿಯವ: ಒಪ್ಪಿದೆ. ಅಂಗಡಿ ಇಟ್ಟವನು ಹೊರಗಿನ ಸಂತೆಗೆ ನೆರಳು ಕೊಡುತ್ತಾನಾ? ಆದರೂ ಸಂತೆಯಲ್ಲಿ ಕೂರಲು ಯಾರ ಪರವಾನಗಿಯೂ ಬೇಡ.

ಅಂಕೋಲಾ ಅಕ್ಕ: ಮೀನಿನ ಆ್ಯಪ್ ಒಂದನ್ನು ಹಾಕಿಕೊಂಡಿದ್ದೆ. ತೆರೆದ ಕೂಡಲೇ ಕಾಂಟ್ಯಾಕ್ಟ್ಸ್ ಕೊಡಿ ಅಂತು. ಬಂಗಡೆ ದರ ಹೇಳಲು ನನ್ನ ನೆಂಟರ ನಂಬರ್ ಯಾಕೆ? ಸುಮ್ನೆ ತೆಗೆದು ಹಾಕಿದೆ.

ಶಿರಸಿ ತೋಟಿಗ: ನಿನ್ನೆ ರಾತ್ರಿ ಕೂತು ಮಗ ಪುಟ ಮಾಡಿದ. ತಮ್ಮನ ಫೋನಿನಲ್ಲೂ ತೆರೆಯಿತು. ಆದರೆ ಚಾಲಿ ಇರಬೇಕಾದ ಕಡೆ ಬೆಟ್ಟೆ ದರ ಕೂತಿತ್ತು. ತಮ್ಮ ಫೋನ್ ಮಾಡಿ ಬೈದ. ಅವನ ಬೈಗುಳ ಮುಗಿಯುವುದರೊಳಗೆ ಸರಿಯಾಗಿತ್ತು.