ಮನೆ ಮುಂದೆ ಹುಲ್ಲು ತೆಗೆದು ಕಲ್ಲು ಹಾಸಬೇಕು ಅಂತಿದೀವಿ, ಮಾಡ್ಸಿದೋರು ಹೇಳ್ರಿ

ದಾವಣಗೆರೆಯಿಂದ (ಕೇಳ್ತಿರೋದು): ನಮ್ದು 30-40 ಸೈಟು, ಮುಂದ್ಗಡೆ ಹತ್ತಡಿ ಜಾಗ ಬಿಟ್ಟೀವಿ, ಅಂದ್ರೆ ಸುಮಾರು 300 ಚದರಡಿ. ಪಶ್ಚಿಮಕ್ಕೆ ಮುಖ, ಎರೆಮಣ್ಣು. ಲಾನ್ ಹಾಕ್ಸಿದ್ವಿ, ಮಾರ್ಚ್ ಬಂದ್ರೆ ಬೋರು ಕೈ ಕೊಡ್ತತಿ, ಕುಡಿಯೋ ನೀರು ಹುಲ್ಲಿಗೆ ಹಾಕಾಕೆ ಮನಸ್ಸು ಬರಲ್ಲ. ಈಗ ಎಲ್ಲಾ ಕಿತ್ತು ಕಲ್ಲು ಹಾಸಿ ನಾಕು ಗಿಡ ಇಡೋಣ ಅಂತ. ಕಾಂಟ್ರಾಕ್ಟರು ಕೆಳಗೆ ಕರಿ ಪ್ಲಾಸ್ಟಿಕ್ ಶೀಟು, ಮೇಲೆ ಬಿಳಿ ಪೆಬಲ್ಸ್ ಅಂತಾನೆ. ಅತ್ತೆ ತುಳಸಿಕಟ್ಟೆ, ರಂಗೋಲಿ ಜಾಗ ಮುಟ್ಟಬ್ಯಾಡ್ರಿ ಅಂತಾರೆ. ಆಮೇಲೆ ಕೆಲಸ ನಿಜವಾಗ್ಲೂ ಕಮ್ಮಿ ಆಗತ್ತಾ?

ಚಿತ್ರದುರ್ಗದಿಂದ: ಅಕ್ಕಾ ಮಣ್ಣು ಯಾವ್ದು ಅಂತ ಹೇಳಿದ್ದು ಒಳ್ಳೇದಾಯ್ತು, ಅರ್ಧ ಉತ್ತರ ಅದ್ರಾಗೇ ಐತೆ. ನಮ್ದು ಕೆಂಪು ಗರಸು ನೆಲ, ಅರ್ಧ ಅಡಿ ಅಗೆದ್ರೆ ಹಾರೆ ಠಣ್ ಅಂತೈತೆ, ಅದಕ್ಕೆ ನಮ್ ಕೆಲಸ ಸುಲಭ ಆತು. ಎರೆಮಣ್ಣು ಹಂಗಲ್ಲ, ಮಳೆಗಾಲದಾಗೆ ಉಬ್ಬಿ ಮೆತ್ತಗಾಗಿ ಕಲ್ಲನ್ನ ಒಳಕ್ಕೆ ಎಳ್ಕೊಂತೈತೆ, ಬ್ಯಾಸಿಗೇಲಿ ಬಿರುಕು ಬಿಟ್ಟಾಗ ಮಿಕ್ಕಿದ್ದೂ ಅದ್ರೊಳಗೆ ಹೋಗ್ತವೆ. ನಾಕೈದು ಇಂಚು ಮೇಲ್ಮಣ್ಣು ತೆಗ್ಸಿ, ಅಷ್ಟೇ ಗರಸು ತುಂಬ್ಸಿ, ನೀರು ಹಾಕಿ ದಮ್ಮಸ್ಸು ಹೊಡಿಸ್ರಿ. ದಮ್ಮಸ್ಸು ಹೊಡಿವಾಗ್ಲೇ ಇಳಿಜಾರು ಗೇಟಿನ ಕಡೆ ಇರ್ಲಿ, ಹತ್ತಡಿಗೆ ಎರಡು ಎರಡೂವರೆ ಇಂಚು ಇಳುದ್ರೆ ಸಾಕು. ಪಾಯದ ಹತ್ರ ನೀರು ನಿಂತ್ರೆ ಎರೆ ಮತ್ತೆ ಉಬ್ಬಿ ಗ್ವಾಡೆಗೆ ಬಿರುಕು ಬಿಡೋದು, ಅದು ಹುಲ್ಲಿಗಿಂತ ದೊಡ್ಡ ತಲೆನೋವು.

ಕರಿ ಪ್ಲಾಸ್ಟಿಕ್ ಶೀಟು ಬ್ಯಾಡವೇ ಬ್ಯಾಡ. ನೀರು ಕೆಳಕ್ಕೆ ಇಳಿಯಲ್ಲ, ಅಲ್ಲಲ್ಲೇ ನಿಂತು ಪಾಚಿ ಕಟ್ಟತೈತೆ, ಗಿಡದ ಬೇರಿಗೆ ಗಾಳಿ ಇಲ್ಲ, ಎರಡು ಬ್ಯಾಸಿಗೆ ಕಳೆದ್ರೆ ಚೂರುಚೂರಾಗಿ ಮೇಲಕ್ಕೆ ಇಣುಕ್ತೈತೆ. ಗೊಬ್ಬರದ ಚೀಲ ಬಿಚ್ಚಿ ಹಾಸೋರೂ ಅದಾರೆ, ಅದೂ ಅಷ್ಟೇ. ರೋಡ್ ಕೆಲಸಕ್ಕೆ ಹಾಸ್ತಾರಲ್ಲ ಕಂಬಳಿ ತರದ್ದು, ಜಿಯೋ ಟೆಕ್ಸ್‌ಟೈಲ್ ಅಂತಾರೆ, ಅದು ನೀರು ಬಿಡ್ತೈತೆ, ಎರೆ ಮೇಲಕ್ಕೆ ಬರಕ್ಕೂ ಬಿಡಲ್ಲ. ನಿಮಗೆ ಅದು ಬೇಕೇ ಬೇಕು.

ಆದ್ರೆ ಯಾವ ಬಟ್ಟೆ ಹಾಸಿದ್ರೂ ಜೇಕು ಹುಲ್ಲು ತೂತು ಮಾಡ್ಕೊಂಡು ಬರ್ತೈತೆ, ಅದಕ್ಕೆ ಗಡ್ಡೆ ಸಮೇತ ಮೊದ್ಲೇ ಕೀಳ್ಬೇಕು. ನೆಲ ಕೆರೆದ ಮೇಲೆ ಒಂದೆರಡು ಸಲ ನೀರು ಹಾಕಿ ಬಿಡ್ರಿ, ಇರೋದೆಲ್ಲ ಚಿಗುರ್ಲಿ, ಆಮೇಲೆ ಕಿತ್ತು ಮುಂದಿನ ಕೆಲಸ ಮಾಡ್ಸ್ರಿ. ಇದಕ್ಕೆ ಕಾಂಟ್ರಾಕ್ಟರುಗಳಿಗೆ ತಾಳ್ಮೆ ಇರಲ್ಲ, ನೀವೇ ಹಟ ಹಿಡೀಬೇಕು. ಇನ್ನ ಆಷಾಢದ ಗಾಳೀಲಿ ಬರೋ ಧೂಳಿಗೆ ಏನೂ ಮಾಡಕ್ಕಾಗಲ್ಲ, ಕಲ್ಲಿನ ಸಂದೀಲಿ ಧೂಳು ಕೂತು ಅದ್ರ ಮೇಲೆ ಬೀಜ ಬಿದ್ದು ಕಾಂಗ್ರೆಸ್ ಗಿಡ ಹುಟ್ಟತೈತೆ. ನಮ್ ಕಡೆ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಸಿಲ್ಲ ನೋಡ್ರಿ. ಹಂಗೆ ಬಂದಿದ್ದನ್ನ ಎರಡೆಲೆ ಇದ್ದಾಗ ಕಿತ್ರೆ ಸಲೀಸು, ಹೂ ಬಿಡಕ್ಕೆ ಬಿಟ್ರೆ ಮುಗೀತು.

ಅರಿಜೋನಾದಿಂದ (ಊರು ದಾವಣಗೆರೆನೇ): ಮೇಲಿನವರು ಹೇಳಿದ ಕಳೆ ವಿಷಯಕ್ಕೆ ಒಂದು ಸೇರಿಸ್ತೀನಿ. ನಾನಿರೋದು ಫೀನಿಕ್ಸ್, ಇಲ್ಲಿ ಮನೆ ಮುಂದೆ ಕಲ್ಲು ಹಾಕೋದು ತೀರಾ ಮಾಮೂಲು, ಊರಿಂದ ಬಂದೋರೆಲ್ಲ ಫೋಟೋ ತಕ್ಕೊಂಡು ಹೋಗಿ ಹಿಂಗೇ ಬೇಕು ಅಂತಾರೆ. ಆದ್ರೆ ಇಲ್ಲಿ ವರ್ಷಕ್ಕೆ 200 ಮಿಲಿಮೀಟರ್ ಮಳೆನೂ ಇಲ್ಲ. ಚಿತ್ರದುರ್ಗದ ಕಡೆನೇ 500-600 ಆಗುತ್ತೆ, ಅದೂ ಹೆಚ್ಚಿನದು ಜೂನ್‌ನಿಂದ ಅಕ್ಟೋಬರ್ ಒಳಗೆ. ಅಂದ್ರೆ ನಮ್ಮೂರು ಅರ್ಧ ವರ್ಷ ಒಣ, ಮಿಕ್ಕಿದ್ದು ಕಳೆಗೆ ಹಬ್ಬ. ಇಲ್ಲೂ ಮಳೆಗೆ ಮುಂಚೆ ಬೀಜ ಮೊಳೀದಂಗೆ ಔಷಧಿ ಹೊಡೀತಾರೆ, ಏನೂ ಮಾಡದೆ ಹಂಗೇ ಇರತ್ತೆ ಅನ್ನೋದು ಸುಳ್ಳು. ಕಮ್ಮಿ ನೀರಿನ ಈ ತರದ ತೋಟಕ್ಕೆ ಝೆರಿಸ್ಕೇಪ್ ಅಂತ 1981ರಲ್ಲಿ ಹೆಸರಿಟ್ಟಿದ್ದು ಡೆನ್ವರ್‌ನ ನೀರು ಸರಬರಾಜಿನವರು, ಅವರು ಹೇಳಿದ್ದರಲ್ಲೂ ಗಿಡಗಳೇ ಮುಖ್ಯ, ಬರೀ ಕಲ್ಲು ಸುರಿಯೋದಲ್ಲ. ಇನ್ನೊಂದು ತಮಾಷೆ, ಇಲ್ಲಿ ದುಡ್ಡು ಕೊಟ್ಟು ಹಾಕಿಸೋ ಪುಡಿ ಗ್ರಾನೈಟ್ ನೋಡಿದ್ರೆ ಹೆಚ್ಚೂಕಮ್ಮಿ ದುರ್ಗದ ಗರಸೇ.

ದಾವಣಗೆರೆಯಿಂದ (ಇನ್ನೊಬ್ಬರು): ಪಶ್ಚಿಮದ ಮುಖಕ್ಕೆ ಬಿಳಿ ಪೆಬಲ್ಸ್ ಬ್ಯಾಡ್ರಿ ಮೇಡಂ. ಮಧ್ಯಾಹ್ನ ಮೂರಕ್ಕೆ ಹಾಲ್‌ನಾಗೆ ಕೂತ್ರೆ ಕಣ್ಣಿಗೆ ಹೊಡಿತತಿ, ಒಂದು ಮಳೆಗಾಲ ಕಳೆದ್ರೆ ಎರೆ ಸಿಡಿದು ಕಂದು ಆಗತಿ, ತೊಳಿಯೋರು ಯಾರು? ಬೂದು ಬಣ್ಣದ 20 ಎಂಎಂ ಜಲ್ಲಿ ಸಾಕು, ಅಗ್ಗ, ಮೂಲೆ ಮೂಲೆ ಇರೋದ್ರಿಂದ ಒಂದಕ್ಕೊಂದು ಕಚ್ಕೊಂಡು ಕೂರ್ತವೆ, ಪೆಬಲ್ಸ್ ಕಾಲಿಟ್ರೆ ಜಾರ್ತವೆ. ಕ್ರಷರಿಂದ ಬಂದ ಜಲ್ಲೀನ ತೊಳ್ಸಿ ಹಾಕ್ಸ್ರಿ, ಆ ಪುಡಿ ಇದ್ರೆ ಅದ್ರಾಗೇ ಹುಲ್ಲು ಬರ್ತತಿ.

ಲೆಕ್ಕ ಹೇಳ್ತೀನಿ. ರಂಗೋಲಿ ಜಾಗ, ನಡೆಯೋ ದಾರಿ, ತುಳಸಿಕಟ್ಟೆ ಸುತ್ತ ಎಲ್ಲಾ ಬಿಟ್ರೆ ನಿಮಗೆ 200 ಚದರಡಿ ಉಳೀತತಿ ಅಂತ ಇಟ್ಕೊಳ್ರಿ. ಎರಡೂವರೆ ಇಂಚು ದಪ್ಪಕ್ಕೆ 42 ಘನ ಅಡಿ, ಅರ್ಧ ಯೂನಿಟ್ಟೂ (ಯೂನಿಟ್ಟು ಅಂದ್ರೆ 100 ಘನ ಅಡಿ) ಬೇಡ, ತೂಕ 1.8 ಟನ್ ಹತ್ರ. ಅದೇ ಪೆಬಲ್ಸ್ ಆದ್ರೆ 50 ಕೆಜಿ ಚೀಲ 36 ಬೇಕು, ಒಂದು ಚೀಲದ ರೇಟು ಕೇಳಿ ನೀವೇ ಗುಣಿಸ್ರಿ. ಎರಡೂವರೆಗಿಂತ ತೆಳ್ಳಗೆ ಹಾಕಿದ್ರೆ ಬಟ್ಟೆ ಕಾಣ್ತತಿ, ನಾಕಿಂಚು ಹಾಕಿದ್ರೆ ನಡಿಯಾಕೆ ಆಗಲ್ಲ.

ನಿಮ್ಮ ಅತ್ತೆ ಹೇಳಿದ್ದು ಸರಿ ಐತಿ. ಗೇಟಿಂದ ಬಾಗಿಲವರೆಗೆ ನಾಕಡಿ ಅಗಲ ಕಲ್ಲು ಚಪ್ಪಡಿ ಹಾಕ್ಸಿಬಿಡ್ರಿ, ಪಾಲಿಶ್ ಮಾಡಿದ್ದು ಬ್ಯಾಡ, ಒರಟು ಇರ್ಲಿ. ಬೆಳಗ್ಗೆ ನೀರು ಹಾಕಿ ರಂಗೋಲಿ ಬಿಡಾಕೂ ಆತು, ಸಿಲಿಂಡರ್ ಉರುಳಿಸ್ಕೊಂಡು ಬರಾಕೂ ಆತು, ಸ್ಕೂಟಿ ಸ್ಟ್ಯಾಂಡು ಜಲ್ಲಿಯಾಗೆ ನಿಲ್ಲಲ್ಲ ಅದಕ್ಕೂ ಆತು. ಚಪ್ಪಡಿ ಅಂಚಿಗೆ ಎರಡಿಂಚು ಎತ್ತರ ಕಲ್ಲಿನ ಪಟ್ಟಿ ಕೊಡ್ಸ್ರಿ, ಇಲ್ಲಾಂದ್ರೆ ಜಲ್ಲಿ ದಿನಾ ದಾರಿಗೆ ಬರ್ತತಿ. ನೀರು ಗೇಟಿನ ಕಡೆ ಹೋಗಾಕೆ ಪಟ್ಟಿಯಾಗೆ ಅಲ್ಲಲ್ಲಿ ಸಂದು ಬಿಡ್ಸೋದು ಮರೀಬ್ಯಾಡ್ರಿ.

ಚಳ್ಳಕೆರೆಯಿಂದ: ಗಿಡದ ಬಗ್ಗೆ ಯಾರೂ ಹೇಳ್ಲಿಲ್ಲ. ನಮ್ ಕಡೆ ನೀರು ನಿಮಗಿಂತ ಕಮ್ಮಿ. ಬರೀ ಕಲ್ಲು ಹಾಕಿದ್ರೆ ರಾತ್ರಿ ಒಂಬತ್ತಾದ್ರೂ ಶಕೆ ಹೊರಗೆ ಬರ್ತಾನೇ ಇರ್ತೈತೆ, ಕಿಟಕಿ ಕೆಳಗಂತೂ ಕಲ್ಲು ಬ್ಯಾಡ, ಅಲ್ಲಿ ಗಿಡ ಇರ್ಲಿ. ದೇವಕಣಗಿಲೆ ಒಂದು, ಬೋಗನ್‌ವಿಲಿಯಾ ಒಂದು, ಬುಡಕ್ಕೆ ಲೋಳೆಸರ, ನಿತ್ಯಪುಷ್ಪ. ಕುಂಡದಾಗೆ ಅಡೇನಿಯಂ ಚೆಂದ, ಆದ್ರೆ ಮಳೆಗಾಲದಾಗೆ ಗಡ್ಡೆ ಕೊಳೀತೈತೆ, ಸಜ್ಜಾ ಕೆಳಗೆ ಎಳೀರಿ. ನಮ್ ಗುಡ್ಡದಾಗೆ ಹಳದಿ ಹೂ ಬಿಡೋ ತಂಗಡಿ ಐತಲ್ಲ, ಬೀಜ ಹಾಕಿದ್ರೆ ಬರ್ತೈತೆ, ಅದನ್ಯಾಕೋ ಯಾರೂ ಮನೆ ಮುಂದೆ ಹಾಕಲ್ಲ, ನಂಗಂತೂ ಅಂಗಡಿ ಗಿಡಕ್ಕಿಂತ ಅದೇ ಇಷ್ಟ. ಮಕ್ಕಳು, ದನ ಓಡಾಡೋ ಜಾಗಕ್ಕೆ ಕಣಗಿಲೆ (ದೇವಕಣಗಿಲೆ ಬೇರೆ, ಇದು ಬೇರೆ) ಹಾಕಬ್ಯಾಡ್ರಿ, ಎಲೆ ಹೂ ಎಲ್ಲಾ ವಿಷ. ಭೂತಾಳೆ ಗೇಟಿಂದ ದೂರ ಇರ್ಲಿ, ಮುಳ್ಳು ಕಣ್ಣಿಗೆ ಹತ್ರ. ಯಾವ ಗಿಡ ಆದ್ರೂ ಮೊದಲನೇ ವರ್ಷ ನೀರು ಹಾಕ್ಲೇಬೇಕು, ಬೇರು ಇಳಿದ್ಮೇಲೆ ಬಿಡ್ಬೋದು.

ಹಿರಿಯೂರಿನಿಂದ: ಎಲ್ಲರೂ ಹೊಗಳ್ತಿದೀರಿ, ನಾನು ಬ್ಯಾಡ ಅನ್ನೋನು. ನಮ್ಮನೆ ಮುಂದೆ ಹೊಂಗೆ ಮರ. ಮಾರ್ಚ್‌ನಾಗೆ ಎಲೆ, ಆಮೇಲೆ ಹೂ, ಆಮೇಲೆ ಕಾಯಿ. ಜಲ್ಲಿ ಮೇಲೆ ಕಸಬರಿಗೆ ಓಡಲ್ಲ, ಒಂದೊಂದೇ ಆರಿಸ್ಬೇಕು. ಬೀದಿನಾಯಿಗೆ ಅದೇ ಪಾಯಿಖಾನೆ. ಮರ ಇರೋರು ನೆಲ ಗರಸು ಬಡಿಸಿ ಹಂಗೇ ಬಿಡೋದು ವಾಸಿ.

ದಾವಣಗೆರೆಯಿಂದ (ಕೇಳಿದವರು): ನಮ್ಮಲ್ಲಿ ಮರ ಇಲ್ಲ, ಗೇಟು ಹಾಕೇ ಇರ್ತತಿ, ಹಂಗಾಗಿ ಬಚಾವು. ದೊಡ್ಡ ಗುಂಡುಕಲ್ಲು ಎರಡು ಇಡಬೇಕು ಅಂತ ಮನೆಯವರಿಗೆ ಆಸೆ, ಕಲ್ಲಿನ ಸಂದಿಗೆ ಚೇಳು ಬರ್ತಾವಾ?

ಚಿತ್ರದುರ್ಗದಿಂದ: ಬರ್ತವೆ, ಸುಳ್ಳು ಹೇಳಲ್ಲ. ಸಣ್ಣ ಜಲ್ಲಿಗಿಂತ ಕೆಳಗೆ ಪೊಳ್ಳು ಇರೋ ದೊಡ್ಡ ಕಲ್ಲು, ಗ್ವಾಡೆಗೆ ಒರಗಿಸಿಟ್ಟ ಚಪ್ಪಡಿ, ಕಲ್ಲಿನ ರಾಶಿ, ಇವೇ ಚೇಳಿಗೆ ಇಷ್ಟ. ಗುಂಡನ್ನ ಮೂರನೇ ಒಂದು ಪಾಲು ನೆಲಕ್ಕೆ ಹೂತು ಸುತ್ತ ಗರಸು ಬಡಿಸಿದ್ರೆ ಸಂದೇ ಇರಲ್ಲ, ನೋಡಕ್ಕೂ ಅಲ್ಲೇ ಹುಟ್ಟಿದ ಬಂಡೆ ತರ ಕಾಣ್ತೈತೆ. ಗ್ವಾಡೆಗೂ ಕಲ್ಲಿಗೂ ಒಂದಡಿ ಬರೀ ಸಿಮೆಂಟು ಪಟ್ಟಿ ಬಿಡ್ರಿ. ಕೈಯಾಗೆ ಕಲ್ಲು ಎತ್ತೋವಾಗ ನಿಮ್ ಕಡೆ ಅಂಚು ಕೆಳಗಿರ್ಲಿ, ಆಚೆ ಅಂಚು ಮೇಲೆತ್ರಿ. ಗುಂಡು ಕ್ವಾರಿಯೋರ ಹತ್ರ ಬಿಲ್ ಸಮೇತ ತಗೊಳ್ರಿ, ಗುಡ್ಡದಿಂದ, ದುರ್ಗದ ಕೋಟೆ ಸುತ್ತಮುತ್ತಲಿಂದ ತಂದು ಕೊಡ್ತೀನಿ ಅನ್ನೋರನ್ನ ಒಳಗೇ ಬಿಟ್ಕೋಬ್ಯಾಡ್ರಿ, ಕೋಟೆ ಪುರಾತತ್ವ ಇಲಾಖೆದು, ಪಕ್ಕದ ಜೋಗಿಮಟ್ಟಿ ಗುಡ್ಡ ಅರಣ್ಯ ಇಲಾಖೆದು. ಕೆಲಸ ಏಪ್ರಿಲ್ ಮೇನಾಗೆ ಮುಗಿಸ್ರಿ, ಜಲ್ಲಿ ಹಾಕಕ್ಕೆ ಮುಂಚೆ ಪೈಪ್ ಹಿಡಿದು ಒಂದ್ಸಲ ನೀರು ಬಿಟ್ಟು ಎಲ್ಲಿ ನಿಲ್ತೈತೆ ಅಂತ ನೋಡ್ಕೊಳ್ರಿ.