‘ಟೈಡ್ ಪೂಲ್’ಗೆ ‘ದೊಣೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಕಡಲು ಹಿಂದೆ ಸರಿದಾಗ ಬಂಡೆಗಳ ತಗ್ಗಿನಲ್ಲಿ ಒಂದಿಷ್ಟು ನೀರು ಉಳಿದುಬಿಡುತ್ತದಲ್ಲ, ಇಂಗ್ಲಿಷಿನವರ ‘ಟೈಡ್ ಪೂಲ್’, ಅದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ?

ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ತೆಂಕಣಕ್ಕೆ ಮಾಸ್ ಬೀಚ್ ಅಂತ ಪುಟ್ಟ ಊರಿದೆ. ಅಲ್ಲಿ ಕಡಲಂಚಿಗೇ ಫಿಟ್ಜ್‌ಜೆರಾಲ್ಡ್ ಮರೀನ್ ರಿಸರ್ವ್ ಎಂಬ ಪಾರ್ಕು. 1969ರಿಂದ ಕಾಪಾಡಿಕೊಂಡು ಬಂದಿರುವ ಜಾಗ. ಒಂದು ಚಿಪ್ಪನ್ನೂ ಎತ್ತಿಕೊಂಡು ಬರುವಂತಿಲ್ಲ. ಸದ್ದುಗದ್ದಲ ಇಲ್ಲ. ಸೀಲ್‌ಗಳು (ನೀರುನಾಯಿಯಲ್ಲ) ಬಂಡೆಯ ಮೇಲೆ ಸುಮ್ನೆ ಬಿದ್ದುಕೊಂಡಿರುತ್ತವೆ. ನೀರು ಚೆನ್ನಾಗಿ ಇಳಿದ ಹೊತ್ತು ನೋಡಿಕೊಂಡೇ ಹೋಗಬೇಕು. ದಿನಕ್ಕೆ ಎರಡು ಇಳಿತ ಇದ್ದರೂ ಎರಡೂ ಒಂದೇ ಸಮ ಇರುವುದಿಲ್ಲ. ಜಾಸ್ತಿ ಇಳಿಯುವುದು ಬೇಸಿಗೆ ಕಡೆಗೆ ಬೆಳಗಿನ ಹೊತ್ತು, ಚಳಿಗಾಲದಲ್ಲಿ ಮಧ್ಯಾಹ್ನದ ಮೇಲೆ.

ಹೋದ ಮೇ ತಿಂಗಳಲ್ಲಿ ಹುಣ್ಣಿಮೆ ಕಳೆದು ಮೂರನೇ ದಿನ ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಅಮ್ಮ ಮಧುಗಿರಿ ಕಡೆಯವರು. ಕಡಲು ಅವರಿಗೆ ಹೊಸತು. ಶಾಲು ಹೊದ್ದು, ನನ್ನ ಕೈ ಹಿಡಿದು, ಪಾಚಿ ಬಂಡೆಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಬಂದರು. ಬೋಗುಣಿಯಷ್ಟು ಅಗಲದ ತಗ್ಗೊಂದರ ಮುಂದೆ ಕೂತರು. ತಿಳಿ ನೀರು. ತಳದಲ್ಲಿ ಅನಿಮೋನಿ ಎಂಬ ಹಸಿರು ಕಡಲಜೀವಿ ಸೇವಂತಿಗೆಯ ಹಾಗೆ ಅರಳಿತ್ತು. ಅದರ ಪಕ್ಕದಲ್ಲಿ ಬಸವನಹುಳುವಿನ ಚಿಪ್ಪೊಂದು ತಾನಾಗಿಯೇ ನಡೆಯಿತು. ಒಳಗೆ ಸಣ್ಣ ಏಡಿ! ಮಗಳು ಕೇಳಿದಳು, “ಅಜ್ಜಿ, ಇದಕ್ಕೆ ಕನ್ನಡದಲ್ಲಿ ಏನು?” ಅವಳು ಕೇಳಿದ್ದು ಏಡಿಯನ್ನೋ ಏನೋ. ಅಮ್ಮ ನೀರನ್ನೇ ನೋಡುತ್ತಾ, “ದೊಣೆ ಕಣಮ್ಮ. ನಮ್ಮ ಬೆಟ್ಟದ ಮೇಲಿಲ್ವಾ, ಅದೇ” ಅಂದರು.

ನನಗೆ ಮೈ ಜುಮ್ಮೆಂದಿತು. ಅಲ್ಲಿಯವರೆಗೆ ನಾನು ಮಗಳಿಗೆ ‘ಉಬ್ಬರವಿಳಿತದ ಕೊಳ’ ಅಂತ ಹೇಳಿಕೊಡುತ್ತಿದ್ದೆ. ಇಂಗ್ಲಿಷನ್ನು ಬಿಡಿಸಿ ಕಟ್ಟಿದ ಮಾತು ಅದು, ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಕೊಳ ಅಂದರೆ ತಾವರೆ, ಮೆಟ್ಟಿಲು ಕಣ್ಣಿಗೆ ಬರುತ್ತವೆ. ಹೊಂಡ ಅಂದರೆ ಯಾರೋ ತೋಡಿದ್ದು ಅನ್ನಿಸುತ್ತದೆ, ಕೃಷಿ ಹೊಂಡದ ಹಾಗೆ. ಮಡು ಹೊಳೆಗೆ ಸೇರಿದ್ದು, ಆಳ ಇರಬೇಕು. ಗುಂಡಿಯಂತೂ ಈಗ ರಸ್ತೆಗೇ ಮೀಸಲು.

ದೊಣೆ ಹಾಗಲ್ಲ. ಕಲ್ಲಿನಲ್ಲಿ ತಾನಾಗಿಯೇ ಆದ ತಗ್ಗು, ಅದರಲ್ಲಿ ನಿಂತ ನೀರು, ಎರಡೂ ಆ ಒಂದೇ ಪದದಲ್ಲಿವೆ. ಹಳಗನ್ನಡದಲ್ಲಿ ಬತ್ತಳಿಕೆಗೂ ದೊಣೆ ಅನ್ನುತ್ತಿದ್ದರು. ಎರಡಕ್ಕೂ ಬೇರು ಒಂದೇನಾ, ಬಲ್ಲವರು ತಿಳಿಸಿ. ಏನನ್ನೋ ಒಳಗಿಟ್ಟುಕೊಳ್ಳುವ ಟೊಳ್ಳು ಅನ್ನುವ ಭಾವ ಎರಡರಲ್ಲೂ ಇದೆ, ಅಲ್ವಾ?

ಬದುಕುವ ಪಾಡೂ ಒಂದೇ ಥರ. ಬೆಟ್ಟದ ದೊಣೆಯ ನೀರು ಬಿಸಿಲಿಗೆ ಕಾದು ಬತ್ತುತ್ತಾ ಹೋಗುತ್ತದೆ. ಅಷ್ಟರೊಳಗೆ ಕಪ್ಪೆಮರಿಗೆ ಕಾಲು ಬರಬೇಕು. ಕಡಲ ದೊಣೆಯ ನೀರೂ ಬಿಸಿಲಿಗೆ ಕಾಯುತ್ತದೆ, ಉಪ್ಪು ಏರುತ್ತದೆ. ಮಳೆ ಬಿದ್ದರೆ ಸಪ್ಪೆಯಾಗುತ್ತದೆ. ಅಲ್ಲಿನ ಜೀವಿಗಳು ಕಡಲು ಮರಳಿ ಬರುವವರೆಗೆ ಇದನ್ನೆಲ್ಲ ತಡೆದುಕೊಂಡಿರಬೇಕು.

ಒಂದು ತಕರಾರು ನನಗೇ ಹೊಳೆಯಿತು. ಬೆಟ್ಟದ ದೊಣೆ ತುಂಬುವುದು ಮಳೆಗೆ. ಇದು ಸುಮಾರು 24 ಗಂಟೆ 50 ನಿಮಿಷಕ್ಕೆ ಎರಡು ಸಲ ಮುಳುಗಿ ಏಳುತ್ತದೆ. ಬರೀ ‘ದೊಣೆ’ ಅಂದರೆ ಬಯಲುಸೀಮೆಯವರು ಬೆಟ್ಟವನ್ನೇ ನೆನೆಯುತ್ತಾರೆ. ‘ಕಡಲ ದೊಣೆ’ ಅಂದರೆ ಸಾಕಾ? ಇಲ್ಲ, ‘ಇಳಿತದ ದೊಣೆ’ ಅನ್ನಬೇಕಾ? ನನಗೆ ಮೊದಲನೆಯದೇ ಇಷ್ಟ. ನೀರು ಇಳಿದ ಮೇಲೆಯೇ ಅದು ಕಾಣುವುದು, ಮತ್ತೆ ಹೇಳುವುದೇನಿದೆ.

ಆದರೆ ಕರಾವಳಿಯವರ ಬಾಯಲ್ಲಿ ಆಗಲೇ ಒಂದು ಪದ ಇದ್ದರೆ ಅದಕ್ಕೇ ಮೊದಲ ಮಣೆ. ಪಠ್ಯಪುಸ್ತಕ ‘ಉಬ್ಬರ’ ಅನ್ನುವುದನ್ನು ನೀವು ‘ಭರತ’ ಅನ್ನುತ್ತೀರಿ. ಹಾಗೆಯೇ ಇದಕ್ಕೂ ಏನೋ ಇದ್ದೇ ಇರಬೇಕು ಅನ್ನಿಸುತ್ತದೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳ ಸಂದಿಯಲ್ಲಿ, ಗೋಕರ್ಣದ ಓಂ ಬೀಚಿನ ಕಲ್ಲುಗಳ ನಡುವೆ ನೀರು ನಿಲ್ಲುವುದನ್ನು ನಾನೇ ನೋಡಿದ್ದೇನೆ. ಆಗ ಹೆಸರು ಕೇಳಬೇಕು ಅಂತ ಹೊಳೆಯಲಿಲ್ಲ. ಇಳಿತದಲ್ಲಿ ಬಂಡೆಗೆ ಹೋಗಿ ಪಚ್ಚಿಲೆ ಎಂಬ ಚಿಪ್ಪುಜೀವಿಯನ್ನು ಕೀಳುವವರು ಆ ನೀರನ್ನು ಏನೆಂದು ಕರೆಯುತ್ತಾರೆ? ಕುಂದಾಪುರದ ಕಡೆಯವರು, ಕುಮಟಾ–ಅಂಕೋಲಾದವರು, ಮನೆಯ ಹಿರಿಯರನ್ನು ಒಮ್ಮೆ ಕೇಳಿ ಬರೆಯುತ್ತೀರಾ? ತುಳು, ಕೊಂಕಣಿಯ ಪದವಾದರೂ ಸರಿ. ಯಾವ ಊರಿನ ಮಾತು ಅಂತಲೂ ಸೇರಿಸಿ.