ವರ್ಷಗಟ್ಟಲೆ ನಿಂತ 1978ರ ಪದ್ಮಿನಿ: ಕೆಲಸ ಎಲ್ಲಿಂದ ಆರಂಭಿಸಲಿ?

ಸಾಗರದವ:
ತೀರಿಕೊಂಡ ಅಪ್ಪನ 1978ರ ಪ್ರೀಮಿಯರ್ ಪದ್ಮಿನಿ ಕಾರು ಕೊಟ್ಟಿಗೆಯಲ್ಲಿ ನಿಂತು ವರ್ಷಗಳಾದವು. ಎಂಜಿನ್ ಜಾಮ್ ಆಗಿದೆ. ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿ ಮಾತ್ರ ಸಲೀಸಾಗಿ ಆಡುತ್ತದೆ. ಇಲ್ಲಿನ ಗ್ಯಾರೇಜಿನವರು ಮೊದಲು ಬಣ್ಣ ಹೊಡೆಸಿ ಎನ್ನುತ್ತಿದ್ದಾರೆ. ವಿಂಟೇಜ್ ನೋಂದಣಿ ಸಿಗುತ್ತದೆಯೇ?

ಹಳೇ ಫಿಯಟ್:
ಬಣ್ಣ ಹೊಡೆಸಿದರೆ ನೆಂಟರು ಹೊಗಳುತ್ತಾರೆ, ಕಾರು ಕೊಟ್ಟಿಗೆಯಲ್ಲೇ ಇರುತ್ತದೆ. ದಯವಿಟ್ಟು ಬೇಡ.

ಈ ಕಾರಿಗೆ ಲಾರಿಗಿರುವಂತೆ ಬೇರೆ ಚಾಸಿ (ತಳದ ಕಬ್ಬಿಣದ ಚೌಕಟ್ಟು) ಇಲ್ಲ. ಬಾಡಿಯೇ ಭಾರ ಹೊರುತ್ತದೆ. ಹಾಗಾಗಿ ತಳದ ತಗಡಿನ ತುಕ್ಕು ಬರೀ ಅಂದಗೇಡಲ್ಲ. ಮ್ಯಾಟ್ ಎತ್ತಿ, ಬಾಗಿಲಿನ ಕೆಳಗಿನ ಅಂಚು, ಜಾಕ್ ಕೊಡುವ ಜಾಗ, ಹಿಂದಿನ ಸ್ಪ್ರಿಂಗ್ ಪಟ್ಟಾ ಕೂರುವ ಜಾಗಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಬಾಡಿಯ ಮೇಲೆ ಆಯಸ್ಕಾಂತ ಆಡಿಸಿ. ಹಿಡಿಯದ ಕಡೆ ಒಳಗೆ ತೂತು ಮುಚ್ಚಲು ಮೆತ್ತಿದ ಪುಟ್ಟಿ ಇದೆ ಎಂದೇ ಲೆಕ್ಕ. ಮಲೆನಾಡಿನ ಮಳೆ ಕಂಡ ಕಾರು, ನಾನಾದರೆ ಕೆಟ್ಟದ್ದನ್ನೇ ನಿರೀಕ್ಷಿಸುತ್ತೇನೆ.

ಎಂಜಿನ್ 1089 ಸಿಸಿಯದು, ಸರಳವಾದದ್ದು. ಬ್ಯಾಟರಿ ಕೊಟ್ಟು ತಿರುಗಿಸಬೇಡಿ, ಗೇರಿಗೆ ಹಾಕಿ ಎಳೆಸಲೂಬೇಡಿ. ನಾಲ್ಕೂ ಪ್ಲಗ್ ಬಿಚ್ಚಿ, ಆ ತೂತುಗಳಿಗೆ ಡೀಸೆಲ್ ಬೆರೆಸಿದ ಎಂಜಿನ್ ಆಯಿಲ್ ಸುರಿದು ವಾರ ಬಿಡಿ. ಆಮೇಲೆ ಎಂಜಿನ್ ಮುಂದೆ ಬೆಲ್ಟ್ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಹಿಂದಕ್ಕೆ ಮುಂದಕ್ಕೆ ಸ್ವಲ್ಪ ಸ್ವಲ್ಪ ಆಡಿಸಿ. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಮೆದುವಾದ ಅಲ್ಯೂಮಿನಿಯಮ್, ಕೆಳಗಿನ ಬ್ಲಾಕ್ ಕಬ್ಬಿಣ. ಬಿಚ್ಚಲು ಬಾರದೆಂದು ನಡುವೆ ಉಳಿ ತೂರಿಸುವವರಿಗೆ ಕಾರು ಕೊಡಬೇಡಿ.

ಎಂಜಿನ್ ಹೊತ್ತಿದ ಖುಷಿಗೆ ಬೀದಿಗೆ ಇಳಿಯುವ ಮೊದಲು ಬ್ರೇಕ್ ಪೂರ್ತಿ ಮಾಡಿಸಿ. ನಾಲ್ಕೂ ಕಡೆ ಡ್ರಮ್, ಆಯಿಲ್ ಲೈನ್ ಒಂದೇ. ಒಂದು ವೀಲ್ ಸಿಲಿಂಡರ್ ಸೋರಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ.

ಶಿವಾಜಿನಗರ ಸುತ್ತುವವ:
ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ. ಹಳೆಯ ಭಾಗವನ್ನು ಕೈಯಲ್ಲೇ ಒಯ್ಯಿರಿ; ಬಾಯಲ್ಲಿ ಹೇಳಿದರೆ ಬೇರೆ ವರ್ಷದ್ದು ಕೊಟ್ಟು ಕಳಿಸುತ್ತಾರೆ. ಪೆಟ್ರೋಲ್ ಪೈಪ್, ಪಂಪಿನ ಡಯಾಫ್ರಮ್ (ಒಳಗಿನ ರಬ್ಬರ್ ಪೊರೆ) ಎಲ್ಲ ಹೊಸದು ಹಾಕಿ. ಈಗಿನ ಎಥೆನಾಲ್ ಬೆರೆತ ಪೆಟ್ರೋಲನ್ನು ಆ ಕಾಲದ ರಬ್ಬರ್ ತಾಳುವುದಿಲ್ಲ. ಕ್ರೋಮ್ ತುಂಡುಗಳನ್ನು ಎಷ್ಟೇ ತುಕ್ಕು ಹಿಡಿದಿದ್ದರೂ ಎಸೆಯಬೇಡಿ.

ಬೇಸರವೆನಿಸಿದರೆ ಡೀಸೆಲ್ ಎಂಜಿನ್ ಕೂರಿಸುವ ದಾರಿಯೂ ಇದೆ.

ಹಳೇ ಫಿಯಟ್:
ಆ ಕೊನೆಯ ಸಾಲನ್ನು ಓದಿಲ್ಲವೆಂದುಕೊಳ್ಳಿ. ವಿಂಟೇಜ್ ಆಸೆಯಿದ್ದರೆ ಎಂಜಿನ್, ಬಾಡಿ ಬದಲಿಸುವಂತಿಲ್ಲ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ನಿಮ್ಮದಕ್ಕೆ 2028ರವರೆಗೆ ಕಾಯಬೇಕು. ಹೊಸ ನೋಂದಣಿಗೆ 20,000 ರೂಪಾಯಿ. ಆಮೇಲೆ ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ ಮಾತ್ರ. ಮಗಳನ್ನು ಶಾಲೆಗೆ ಬಿಡುವ ಯೋಚನೆಯಿದ್ದರೆ ಮಾಮೂಲಿ ನೋಂದಣಿಯ ನವೀಕರಣವೇ ವಾಸಿ.

ಸಾಗರದವ:
ಧನ್ಯವಾದ ಸರ್. ಆರ್‌ಸಿ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ಬಾಡಿಯ ಮೇಲೆ ಕೊರೆದ ಚಾಸಿ ನಂಬರ್ ಓದಲು ಬರುತ್ತದೆ.

ಹಳೇ ಫಿಯಟ್:
ಹಾಗಾದರೆ ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಟಿಒಗೆ ಹೋಗಿ. ವಾರಸುದಾರರ ಹೆಸರಿಗೆ ವರ್ಗಾಯಿಸಲು ಫಾರಂ 31. ಅಣ್ಣ ತಮ್ಮಂದಿರಿದ್ದರೆ ಅವರ ಒಪ್ಪಿಗೆಯನ್ನು ಈಗಲೇ ಬರೆಸಿಕೊಳ್ಳಿ. ಕಾರು ಹೊಳೆಯತೊಡಗಿದ ಮೇಲೆ ಎಲ್ಲರಿಗೂ ಅಪ್ಪನ ನೆನಪು ಬರುತ್ತದೆ.